ತೂತ್ಕಾಸು

ಮೊದಲು ಹುಣಸೆಹಣ್ಣು, ಉಪ್ಪು.
ಅದು ಪುಸ್ತಕದಲ್ಲಿಲ್ಲ, ಗಾದ್ರಪ್ಪನ ಸೇರ್ಪಡೆ.
ಮೂವತ್ತು ವರ್ಷ ಇದೇ ಲ್ಯಾಬಿನಲ್ಲಿ ಗಾಜು ತೊಳೆದವನು.
'ಕೊಳೆ ಇದ್ರೆ ಬೆಳ್ಳಿ ಹತ್ತಲ್ಲ ಕಣವ್ವ, ತಿಕ್ಕು.'

ತಿಕ್ಕಿದೆ.
ನಡುವೆ ತೂತಿದ್ದ ಕಾಸು,
ತಂಗಿಯ ಉಡಿದಾರದಿಂದ ಬಿಚ್ಚಿ ತಂದದ್ದು. ಕದ್ದದ್ದು ಅನ್ನಿ.
ಹೊಟ್ಟೆಯ ಬೆವರಿಗೆ ಹಸಿರುಗಟ್ಟಿತ್ತು.
ಕಾಲುಗಂಟೆಗೆ ಕೆಂಪಗಾಯಿತು,
ಈಗಷ್ಟೇ ಹುಟ್ಟಿದ ಇಲಿಮರಿಯ ಹಾಗೆ.

ಪಿಂಗಾಣಿ ಬಟ್ಟಲು. ಬೂದಿಯಂಥ ಸತುವಿನ ಪುಡಿ.
'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿದ ಶೀಸೆಯ ಕ್ಷಾರ.
ಕೆಳಗೆ ಸ್ಪಿರಿಟ್ ದೀಪ.
ಕಿಟಕಿಯಾಚೆ ದುರ್ಗದ ಬಂಡೆಗಳು
ಬಣ್ಣ ಬದಲಿಸುವ ಯಾವ ಆತುರವೂ ಇಲ್ಲದೆ
ಬಿಸಿಲಲ್ಲಿ ಕೂತಿದ್ದವು.

ಬಂತು. ಅಂಚಿನಿಂದ ಒಳಕ್ಕೆ
ಹಾಲು ಕೆನೆಗಟ್ಟುವ ಹಾಗೆ ಬಂತು ಬೆಳ್ಳಿ.
ನಲವತ್ತೆರಡು ಹುಡುಗಿಯರು ಒಂದೇ ಮೇಜಿಗೆ ಬಾಗಿ
ಉಸಿರು ಹಿಡಿದರು. ಯಾರದೋ ಜಡೆಯ ತುದಿ ಸುಟ್ಟ ವಾಸನೆ.
ನೀರಲ್ಲಿ ಅದ್ದಿ, ಒರೆಸಿ, ಇಕ್ಕಳದಲ್ಲಿ ಹಿಡಿದು
ಉರಿಗೆ ತೋರಿಸಿದೆ. ಒಂದು, ಎರಡು, ಮೂರು,
ನಾಲ್ಕಕ್ಕೆ ಬಂಗಾರ!

'ಬಂಗಾರ ಅಲ್ಲ, ಹಿತ್ತಾಳೆ' ಅಂದ ಗಾದ್ರಪ್ಪ,
'ತಾಮ್ರದೊಳಗೆ ಸತು ಇಳಿದೈತೆ, ಅಷ್ಟೆ.'
ಆ ಅಷ್ಟೆಯನ್ನು ನಾನು ಕೇಳಿಸಿಕೊಳ್ಳಲಿಲ್ಲ.
ಇಂಗಳದಾಳದ ಬಸ್ಸಿನಲ್ಲಿ
ಟಿಕೇಟಿಗೂ ಆ ಮುಷ್ಟಿ ಬಿಚ್ಚಲಿಲ್ಲ.

ಅಪ್ಪ ತಾಮ್ರದ ಗಣಿಯವನು. ಗಣಿ ಮುಚ್ಚಿತ್ತು.
ಸಂತೆಹೊಂಡದ ಪಕ್ಕ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ.
ಹದಿನೇಳು ವರ್ಷ ನೆಲದೊಳಗೆ ಇಳಿದು ಹತ್ತಿದ್ದಕ್ಕೆ
ಬನಿಯನ್ನಿನ ಕಂಕುಳಲ್ಲಿ ಇನ್ನೂ ಹಸಿರು ಕಲೆ,
ಅವ್ವ ಎಷ್ಟು ಸೋಪು ತಿಕ್ಕಿದರೂ.

ಕಾಸನ್ನು ಅಂಗೈಲಿಟ್ಟು ತೂಗಿದ. ಮೂಸಿದ.
ನಗಲಿಲ್ಲ.
ಹೊಸ್ತಿಲ ಕಲ್ಲಿಗೆ ಅಂಚನ್ನು ಒತ್ತಿ
ಎರಡೇ ಎರಡು ಸಲ ಉಜ್ಜಿದ.
'ಇಲ್ಲೈತೆ ನೋಡು.'
ಕೂದಲೆಳೆಯಷ್ಟು ಕೆಂಪು.

ನನಗೆ ಅಳು ಬಂತು. ಅವನಿಗೆ ಅದು ಗೊತ್ತಾಗಿರಬೇಕು.
ಟ್ರಂಕಿನ ತಳ ತಡಕಿ ಒಂದು ಮೊಳೆ ತೆಗೆದ.
ಕಬ್ಬಿಣದ್ದೇ. ಆದರೆ ಎಲ್ಲೂ ಕಬ್ಬಿಣ ಕಾಣದು.
ಸುರಂಗದ ನೀಲಿ ನೀರಲ್ಲಿ ಬಿದ್ದು
ಪಾಳಿ ಮುಗಿಯುವುದರೊಳಗೆ ತಾಮ್ರ ಹೊದ್ದುಕೊಂಡ ಮೊಳೆ.
'ನಮಗೆ ದೀಪ ಇಲ್ಲ, ಇಕ್ಕಳ ಇಲ್ಲ,
ಎಲ್ಲಾ ನೀರೇ ಮಾಡೋದು.
ನಿನಗೆ ತೋರಿಸಾನ ಅಂತ ತಂದೆ.
ನೀನಾಗ ತೊಟ್ಟಿಲಲ್ಲಿದ್ದೆ.'

ತಂಗಿ ಸೊಂಟ ತೋರಿಸಿ ಕೂಗುತ್ತಿದ್ದಳು.
ಅವ್ವ ನನ್ನ ಬೈದುಕೊಂಡೇ ಕಾಸು ಪೋಣಿಸಿದಳು.
ದಾರ ಹಳೆಯ ತೂತಿನಲ್ಲೇ ಹಾದುಹೋಯಿತು,
ಅದಕ್ಕೆ ಯಾವ ಬಣ್ಣವೂ ಹತ್ತಿರಲಿಲ್ಲ.
ದೀಪಾವಳಿಯ ಹೊತ್ತಿಗೆ ಆ ಪುಟ್ಟ ಹೊಟ್ಟೆ
ಯಾರನ್ನೂ ಕೇಳದೆ
ಅಂಚಿನಿಂದ ಮತ್ತೆ ಹಸಿರು ಶುರು ಮಾಡಿತ್ತು.