ಒತ್ತು

ಹುಬ್ಬಳ್ಳಿ ಕೊಪ್ಪೀಕರ ರೋಡಿನ ಅಂಗಡ್ಯಾಗ ಹುಡುಗ
ಮೂರೇ ಗುಂಡಿ ಇದ್ದ ಸಣ್ಣ ಹಲಗಿ ಮುಂದಿಟ್ಟ.
ನೀಲಿ, ಕಂದು, ಕೆಂಪು.
‘ಒತ್ತಿ ನೋಡ್ರಿ ಅಕ್ಕಾರ, ಕೈಗೆ ಯಾವ್ದು ಒಗ್ಗತೈತಿ?’

ಕೆಂಪು, ಬೆಣ್ಯಾಗ ಬೆರಳಿಟ್ಟಂಗ ಇಳೀತು.
ಇಳಿದದ್ದೇ ತಿಳೀಲಿಲ್ಲ.
ಕಂದಿನ ನಡುವ ಒಂದು ಸಣ್ಣ ಹೊಸ್ತಿಲಾ,
ಕತ್ತಲದಾಗ ಕಾಲಿಗೆ ಹತ್ತಿ ದಾಟಿದಂಗ.
ನೀಲಿ ಚಟ್ ಅಂತು,
ಹಂಚಿನ ಮ್ಯಾಲ ಶೇಂಗಾ ಸಿಡದಂಗ;
ಬಾಜೂಕಿನ ಗಿರಾಕಿ ಹೊಳ್ಳಿ ನೋಡಿದ.

ಎರಡೂವರಿ ತಾಸು ಬಸ್ಸಿನ್ಯಾಗ ಬಂದಾಕಿ
ಅರ್ಧ ತಾಸು ನಿಂತು ಒತ್ತಿದ್ದನ್ನ ಒತ್ತಿದೆ.
‘ದಿನಾ ಏನ್ ಟೈಪ್ ಮಾಡ್ತೀರಿ?’
‘ಸದರಿ ಆಸ್ತಿಯ ಚೆಕ್ಕುಬಂದಿ’ ಅಂದೆ.
ಹುಡುಗ ನೀಲಿ ಕಟ್ಟಿ ಕೊಟ್ಟ.
ನಾಲ್ಕು ಸಾವಿರದ ಎರಡನೂರು.
ಮನ್ಯಾಗ ಎರಡು ಸಾವಿರ ಅಂತ ಹೇಳೇನಿ.

ಬ್ಯಾಡಗಿ ಸಬ್‌ರಜಿಸ್ಟ್ರಾರ್ ಆಫೀಸಿನ ಎದುರು
ಹನ್ನೆರಡಡಿಗೆ ಎಂಟು, ನನ್ನ ಮಳಿಗಿ.
ಮಾರ್ಕೆಟ್ಟಿಗೆ ಮೆಣಸಿನಕಾಯಿ ಬಂತಂದ್ರ
ಇಡೀ ಊರು ಸೀನತೈತಿ.
ಹಳೇ ಕೀಬೋರ್ಡು ಮೂರು ಆ ಧೂಳಿಗೇ ಹೋದವು,
ಸಪ್ಪಳಿಲ್ಲದ, ಹೇಳದ ಕೇಳದ.
ಇದನ್ನ ಬಿಚ್ಚಬಹುದು.
ಟೊಪಗಿ ತಗದು, ಕುಂಚದೀಲೆ ಝಾಡಿಸಬಹುದು.
ಶನಿವಾರ ತಗದ್ರ ಒಳಗ
ಮೆಣಸಿನ ಬೀಜ, ಚುರುಮುರಿ ಚೂರು,
ನನ್ನವೇ ಎರಡು ಬಿಳಿ ಕೂದಲ.

ಬಾಜೂಕಿನ ಝೆರಾಕ್ಸ್ ದಾವಲಸಾಬ ಮೊದಲ ದಿನ ಕೇಳಿದ:
‘ಏನ್ರಿ ಬಾಯಾರ, ಪುಠಾಣಿ ಹುರೀತೀರೇನು?’
ಈಗ ಗ್ವಾಡಿ ಆಚೆ ಕುಂತೇ ಹೇಳ್ತಾನ,
ಖರೇದಿ ಪತ್ರ ಆದ್ರ ಭರಭರ,
ವಾಟ್ನಿ ಆದ್ರ ತಡದು ತಡದು.
ಗಿರಾಕಿಗೂ ಸಪ್ಪಳ ಬೇಕು.
ಕೊಟ್ಟ ರೊಕ್ಕ ಕಿವೀಗೆ ಕೇಳತೈತಲ್ಲ!

ಗುಂಡಿ ಮ್ಯಾಲ ಒಂದೂ ಕನ್ನಡ ಅಕ್ಷರ ಇಲ್ಲ,
ಎಲ್ಲಾ ಬೆರಳಿಗೇ ಗೊತ್ತು.
ಎಫ್ ಮ್ಯಾಲ ಒಂದು ಉಬ್ಬಿದ ಗೀರು.
ಎಡಗೈ ತೋರುಬೆರಳಿನ ಮನಿ ಅದು.
ಕನ್ನಡದಾಗ ಅದಕ್ಕ ತಂದಂತ ಅಕ್ಷರ ಇಲ್ಲ;
ಮ್ಯಾಲಿನ ಅಕ್ಷರದ ಕಾಲಾಗ
ಕೆಳಗಿಂದನ್ನ ಕುಂಡ್ರಸೂದು, ಅಷ್ಟ ಕೆಲಸ.
ಎಲ್ಲಾಕಿಂತ ಮೊದಲ ಸವಿಯೂದೂ ಅದೇ.

ಹೋದ ಮಂಗಳವಾರ ಹಕ್ಕುಬಿಟ್ಟ ಪತ್ರ.
ಬರಕೊಡಾಕಿ ಗಂಗಮಾಳವ್ವ, ವಯಾ ಐವತ್ತೆಂಟು.
ಬರಸಿಕೊಳ್ಳಾಂವ ತಮ್ಮ. ಚಹಾ ತರಿಸಿದಾಂವನೂ ಅವನ.
ಎರಡನೇ ಪುಟದಾಗ ಎಫ್ ಕೈಕೊಟ್ಟಿತು.
ಪರದಿ ಮ್ಯಾಲ

ಅಕಕ
ತಮಮ
ಹಕಕು ಬಿಟಟು ಕೊಟಟ

ಗಂಗಮಾಳವ್ವ ಚಾಳೀಸು ಏರಿಸಿ
ಬೆರಳು ಹಚ್ಚಿ ಓದಿದಳು.
‘ಇದೇನವಾ ಇದು? ಹ, ಕ, ಕು?’
‘ಒತ್ತು ಬೀಳವಲ್ದು ಯಕ್ಕಾ. ಐದು ಮಿನಿಟು ತಡೀರಿ.’

ಚಿಮಟಿಗಿ ತಗೊಂಡೆ.
ಎಂದೂ ಯಾರೂ ಮುಟ್ಟದ ಗುಂಡಿ ಸ್ಕ್ರೋಲ್ ಲಾಕು,
ಅದರ ಹೊಟ್ಯಾನ ಸ್ವಿಚ್ಚು ಎತ್ತಿ ಎಫ್‌ನ ಜಾಗಾಕ್ಕ.
ಅಷ್ಟೊತ್ತಿಗೆ ಆಕಿ, ‘ನಾಲ್ಕೂ ದಿಕ್ಕು ಓದು’ ಅಂದಳು.
ಓದಿದೆ. ಪೂರ್ವಕ್ಕೆ ಹಳ್ಳ.
ಪಶ್ಚಿಮಕ್ಕೆ ಹಾಯ್ದು ಹೋಗುವ ದಾರಿ.
ದಕ್ಷಿಣಕ್ಕೆ ಇವರದೇ ಬಾಬತು ಜಮೀನು.
‘ಬಾವಿ?’
‘ಬಾವಿ ಒಳಗ ಬರತೈತಿ.’
‘ಒಳಗ’ ಅಂದಳು.
ಎದ್ದಳು. ‘ನೀರು ಕುಡದು ಬರ್ತೇನಿ.’

ನೀರು ನನ್ನ ಟೇಬಲ್ಲಿನ ಮ್ಯಾಲೇ ಇತ್ತು.

ಗುಂಡಿ ಕುಂತಿತು. ಒತ್ತಿ ನೋಡಿದೆ: ಹಕ್ಕು.
ಒತ್ತು ಬರೋಬರಿ ಬಿತ್ತು, ಸದ್ದೂ ಹೊಸಾದು.
ತಮ್ಮ ಬಾಗಿಲದಾಗ ನಿಂತು
ಬಸ್‌ಸ್ಟ್ಯಾಂಡಿನ ಕಡೆ ನೋಡಾಕತ್ತಿದ್ದ.
‘ಯಾಕ್ರಿ, ಸಪ್ಪಳ ನಿಂತೈತಿ?’
ಗ್ವಾಡಿ ಆಚೆಯಿಂದ ದಾವಲಸಾಬ.

ಫೈಲು ಹಂಗ ಐತಿ, ಎರಡನೇ ಪುಟದ ನಡುವ.
ಟೈಪಿಂಗಿನ ರೊಕ್ಕ ಇನ್ನೂ ಬಂದಿಲ್ಲ.
ಸ್ಕ್ರೋಲ್ ಲಾಕಿನ ತೂತಿನ್ಯಾಗ
ಧೂಳು ಬೀಳಾಕತ್ತೈತಿ, ಕೆಂಪಗ.