ಹನ್ನೆರಡಕ್ಕೂ ಹದಿಮೂರಕ್ಕೂ ನಡುವೆ

ಮೊದಲು ಬಣ್ಣ ಕೇಳಿತು ಫೋನು.
ಸಾಲಾಗಿ ಹದಿನೆಂಟು ಚುಕ್ಕೆ, ಹಾಲಿನಿಂದ ಹಂಚಿನವರೆಗೆ.
ಕೈಯನ್ನು ಪರದೆಯ ಪಕ್ಕ ಇಟ್ಟು ನೋಡಿದೆ:
ಹನ್ನೆರಡಕ್ಕಿಂತ ಕಪ್ಪು, ಹದಿಮೂರಕ್ಕಿಂತ ಕೆಂಪು.
ಬೆರಳ ತುದಿ ಮಾತ್ರ ಯಾವುದಕ್ಕೂ ಸೇರಲಿಲ್ಲ.
ಹನ್ನೊಂದು ವರ್ಷ ಜೀನ್ಸ್ ಬಟ್ಟೆ ಸರಿಸಿದ ನೀಲಿ
ಸೋಪಿಗೂ ಹೋಗುವುದಿಲ್ಲ, ಹುಣಿಸೆಹಣ್ಣಿಗೂ.
"ನೀಲಿನೂ ಐತೆ ಚಿಕ್ಕಮ್ಮ, ಕೆಳಗ ನೋಡು," ಅಂದ ಗಾದಿಲಿಂಗ,
"ಬ್ಯಾರೆ ಗ್ರಹದೋರಿಗೆ."

ಹೆಸರು ಕನ್ನಡದಲ್ಲೇ ಒತ್ತಿದೆ.
ನಾಲ್ಕು ಖಾಲಿ ಚೌಕ ಮೂಡಿದವು.
ಇರಲಿ ಬಿಡು,
ರೇಷನ್ ಕಾರ್ಡಿನಲ್ಲೂ ನಾನು ಹೊನ್ನೂರಮ್ಮ ಅಲ್ಲ, ಹೂನುರಮ.
ಚೌಕಮ್ಮ ಅಂತ ಕರೆದೆ ಅವಳನ್ನು.

ಚೌಕಮ್ಮನಿಗೆ ಮನೆ ಕಟ್ಟಿದೆ.
ಅಡುಗೆಕಟ್ಟೆಗೆ ಕಡಪಾ ಕಲ್ಲು ಹುಡುಕಿದೆ, ಇಲ್ಲ.
ರೊಟ್ಟಿಹಂಚು ಇಲ್ಲ; ಒಲೆ ಹತ್ತಿಸಿದರೆ
ತಟ್ಟೆಯಲ್ಲಿ ಹೆಸರು ಗೊತ್ತಿಲ್ಲದ ಹಸಿರು ಸೊಪ್ಪು.
ಕಿಟಕಿ ತೆಗೆದರೆ ಗುಡ್ಡ ಕಾಣಬೇಕಲ್ಲ,
ಬಳ್ಳಾರಿಯ ಯಾವ ಓಣಿಗೆ ಗುಡ್ಡ ಕಾಣುವುದಿಲ್ಲ?
ತೋಟದ ಸಾಮಾನಿನಲ್ಲಿ ಒಂದು ಬಂಡೆ ಇತ್ತು, ಐವತ್ತು ನಾಣ್ಯ.
ತಂದು ಹಿತ್ತಲಲ್ಲಿ ಇಟ್ಟೆ.
ಎಷ್ಟು ಬಿಸಿಲು ಬಿದ್ದರೂ ಅದು ಕಾಯಲೇ ಇಲ್ಲ.

ಬೀರುವಿನ ತುಂಬ ಜೀನ್ಸ್!
ನನ್ನ ಮೈಗೆ ಇವತ್ತಿನವರೆಗೂ ಒಂದು ಹತ್ತಿಲ್ಲ,
ಚೌಕಮ್ಮ ಒಂದೇ ಒತ್ತಿಗೆ ಹಾಕಿಕೊಂಡು ನಿಂತಳು.
ಎರಡು ಬೆರಳಿಂದ ಹಿಗ್ಗಿಸಿ ಹಿಂದಿನ ಜೇಬು ನೋಡಿದೆ:
ಹಳದಿ ದಾರದ ಆ ಬಾಗು, ಹಕ್ಕಿ ರೆಕ್ಕೆ ಹಾಗೆ,
ದಿನಕ್ಕೆ ಆರುನೂರು ಹೊಲಿಯುತ್ತೇನೆ ಅದನ್ನು.
ಇಲ್ಲಿ ಯಾರೂ ಹೊಲಿದಿಲ್ಲ.
ಒಂದು ಎಳೆಯೂ ಎದ್ದಿಲ್ಲ.

ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುತ್ತಾಳೆ.
ಗೇಟು ದಾಟಿದ ಕೂಡಲೇ ಮಾಯ.
ಅಲ್ಲಿ ಏನು ನಡೆಯುತ್ತದೋ ಆಟ ತೋರಿಸುವುದಿಲ್ಲ;
ಖಾಲಿ ಮನೆಯಲ್ಲಿ ಗಡಿಯಾರ ಗಿರ್ರನೆ ತಿರುಗುತ್ತದೆ,
ಸಂಜೆ ಬರುತ್ತಾಳೆ, ತಲೆ ಮೇಲೆ ನಾಣ್ಯ ಠಣ್ ಅನ್ನುತ್ತವೆ.
ಇಡೀ ಆಟದಲ್ಲಿ ಇದೊಂದು ನಿಜ ಅನ್ನಿಸಿತು.
ನನ್ನ ಗಂಡನಿಗೂ ಇಷ್ಟೇ ಕಾಣುವುದು.

ಹಸಿವು, ನಿದ್ದೆ, ಮೂತ್ರ, ಮಾತು,
ಎಲ್ಲಕ್ಕೂ ಒಂದೊಂದು ಪಟ್ಟಿ; ಹಸಿರು ಇಳಿದು ಕೆಂಪಾಗುತ್ತದೆ.
ಈಗ ಕೌಲ್‌ಬಜಾರಿನ ಶೆಡ್ಡಿನಲ್ಲೂ ಕಾಣತೊಡಗಿವೆ ನನಗೆ.
ಮಾಬುನ್ನಿಯ ಮೂರನೇ ಪಟ್ಟಿ ಹನ್ನೊಂದಕ್ಕೇ ಕೆಂಪು,
ಊಟಕ್ಕೆ ಬಿಡುವುದು ಎರಡಕ್ಕೆ.
"ಹೋಗಿ ಬಾರೇ, ನಾ ನೋಡ್ಕೊಂತೀನಿ" ಅಂದೆ.
"ನಿನಗ ಹೆಂಗ ಗೊತ್ತಾತು?" ಅಂದಳು.

ಬಾಗಿಲು ತೆಗೆಯುವ ಯುಕ್ತಿ ಗಾದಿಲಿಂಗನದೇ.
ಮೀಸೆ, ಹೊಟ್ಟೆ, ಪೆನ್ನಿಟ್ಟ ಜೇಬು:
ಸೂಪರ್‌ವೈಸರ್ ಯಂಕೋಬಣ್ಣನನ್ನು ಮಾಡಿ
ಒಂದು ಕೋಣೆಯೊಳಗೆ ಬಿಟ್ಟು ಬಾಗಿಲು ಮಾರಿದೆ.
ಎಂಬತ್ತು ನಾಣ್ಯ ಬಂತು.
ಅವನು ಗೋಡೆಗೆ ಕೈ ಹಚ್ಚಿದ, ಸುತ್ತು ಹಾಕಿದ,
ಆಮೇಲೆ ಮೇಲೆ ನೋಡಿದ, ನೇರ ನನ್ನ ಮುಖಕ್ಕೆ,
ಎರಡೂ ಕೈ ಬೀಸುತ್ತ.
ನಗು ಬಂತು. ಫೋನು ಚಾರ್ಜಿಗೆ ಹಾಕಿ ಮಲಗಿದೆ.

ಎರಡು ಗಂಟೆಗೆ ಎದ್ದು, ನೂರು ಕೊಟ್ಟು,
ಅದೇ ಬಾಗಿಲು ಕೊಂಡೆ.

ಮರುದಿನ ಬೈದ, ದಿನದಂತೆ.
ನಾನು ಒಂದು ಚೊಂಬು ನೀರು ಕೊಟ್ಟೆ.
"ಯಾಕಮ್ಮಾ?" ಅಂದ.
"ಕುಡೀರಿ" ಅಂದೆ.

ಅವತ್ತೇ ಮೂರಕ್ಕೆ ಕರೆಂಟು ಹೋಯಿತು.
ಮೂವತ್ತೆರಡು ಮಿಶಿನ್ನು ಒಟ್ಟಿಗೆ ಸುಮ್ಮನಾದವು,
ರೆಕ್ಕೆ ಅರ್ಧಕ್ಕೆ, ಸೂಜಿ ಬಟ್ಟೆಯೊಳಗೇ.
ತಗಡಿನ ಕೆಳಗೆ ಫ್ಯಾನು ನಿಧಾನ, ಇನ್ನೂ ನಿಧಾನ.
ಮಾಬುನ್ನಿ, ಯಂಕೋಬಣ್ಣ, ಗುಂಡಿ ಹಚ್ಚುವ ಹುಡುಗರು
ಎಲ್ಲರೂ ಕತ್ತೆತ್ತಿ ಮೇಲೆ ನೋಡಿದರು.
ನಾನೂ ನೋಡಿದೆ.
ಕೈ ತಾನಾಗೇ ಎದ್ದಿತ್ತು, ನೀಲಿ ಬೆರಳು ಬಿಡಿಸಿಕೊಂಡು.
ಹಾಗೇ ತಂದು
ಕೂದಲು ಸರಿಮಾಡಿಕೊಂಡೆ.