ಗಾಳಿಗಣ್ಣು

ತೋರ್ಸ್‌ಹಾವ್ನ್ ಬಂದರಿನಲ್ಲಿ ಮೂರು ಗಂಟೆಗೇ ಕತ್ತಲು.
ಮೀನಿನ ಲೆಕ್ಕ ಮುಗಿಸಿ ಬಂದ ರನ್‌ವಾ
ಹಳೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾಳೆ,
ಯಾರೂ ಸಂಬಳ ಕೊಡದ ಕೆಲಸಕ್ಕೆ.
ಕಾಸಿಲ್ಲದೆ ಸಿಕ್ಕ ಲಿನಕ್ಸು
ಅವಳ ಮನೆಮಾತು ಆಡಬೇಕು, ಅಷ್ಟೆ.
ಬಾಕಿ ನಾನೂರ ಹನ್ನೊಂದು ಪದ.

ವಿಂಡೋ ಸುಲಭ:
ಫಾರೋ ದ್ವೀಪದಲ್ಲಿ ಕಿಟಕಿಯೆಂದರೆ ಗಾಳಿಯ ಕಣ್ಣು.
ನಮ್ಮ ಗವಾಕ್ಷ ಹಸುವಿನ ಕಣ್ಣೆಂದು
ಅವಳಿಗೆ ಯಾರೂ ಹೇಳಿಲ್ಲ.

'ಕಿಲ್' ಬಳಿ ಬೆರಳು ನಿಂತಿತು.
ಹಟ ಹಿಡಿದ ಪ್ರೋಗ್ರಾಮನ್ನು ಏನು ಮಾಡುವುದು?
ಕುರಿಗೆ ಒಂದು ಮಾತಿದೆ, ತಿಮಿಂಗಿಲಕ್ಕೆ ಒಂದು,
ದೀಪಕ್ಕೆ ಬೇರೆಯೇ.

ಒಳಗೆ ಅಪ್ಪ ಹಾನುಸ್
ಹೊಸ ಟಿವಿಯ ಬೆನ್ನು ತಡವುತ್ತಿದ್ದಾನೆ.
ಒಣಮೀನಿನ ಹೋಳಿನಷ್ಟು ದಪ್ಪ.
"ಇದರ ಹೊಟ್ಟೆ ಎಲ್ಲಿ ಹೋಯ್ತು?"
ಡೇನಿಷಿನಲ್ಲಿ ಅದು ಏನೋ ಕೇಳುತ್ತದೆ, ಹೌದೋ, ಅಲ್ಲವೋ.
ಎರಡನ್ನೂ ಒತ್ತದೆ ಕೂಗಿದ:
"ರನ್‌ವಾ, ಇದನ್ನ ಮಲಗಿಸೋದು ಹೇಗೆ?"

ಮಲಗಿಸು!
ಬರೆದೇಬಿಟ್ಟಳು.
ಆಮೇಲೆ ನೋಡಿದರೆ ತೊಂಬತ್ತನೇ ಸಾಲಿನಲ್ಲಿ,
'ಸ್ಲೀಪ್' ಎದುರು,
ಹೋದ ಚಳಿಗಾಲ ತಾನೇ ಕೂರಿಸಿದ ಅದೇ ಪದ.

ಅಳಿಸಿದಳು.
ಎದ್ದು ಹೋಗಿ ಟಿವಿಯ ಪ್ಲಗ್ಗು ಕಿತ್ತಳು.
ಗಾಜಿನ ಕಪ್ಪಿನಲ್ಲಿ ಅಪ್ಪ, ಮಗಳು,
ಹಿಂದೆ ಗಾಳಿಗೆ ಅದುರುವ ಕಿಟಕಿ.

ಇನ್ನೂ ನಾನೂರ ಹನ್ನೊಂದು.